ಸಂಜೆಯ ಬಸ್ಸಿಗೆ ಹೋಗುವ ಅಕ್ಕ

ಬೈಲಹೊಂಗಲ
ರವಿವಾರ, 12 ನವೆಂಬರ್ 2006

ಪ್ರೀತಿಯ ಕೆಂಚಿ,

ಕಣ್ಣು ಹೇಗಿದೆ? ಬಲಗಣ್ಣಿನ ಪೊರೆ ಬಲಿತಿದೆ, ಇಪ್ಪತ್ತೇಳನೇ ತಾರೀಖು ಸೋಮವಾರ ಆಪರೇಶನ್ ಎಂದು ಸತ್ಯಪ್ಪ ಕಾಕಾ ಮೊನ್ನೆ ಪೇಟೆಯಲ್ಲಿ ಸಿಕ್ಕಾಗ ಹೇಳಿದರು. ಮೊಣಕಾಲು ನೋವು ಕಡಿಮೆಯಾಗಿದೆಯೇ? ರಾಮದುರ್ಗದಲ್ಲಿ ಚಳಿ ಬಿದ್ದಿರಬೇಕು, ಬೆಳಿಗ್ಗೆ ತಣ್ಣೀರಿಗೆ ಕೈ ಹಾಕಬೇಡ. ಈ ಪತ್ರವನ್ನು ಮಾತ್ರ ಶ್ರೀಶೈಲನ ಕೈಯಿಂದ ಓದಿಸಬೇಡ. ನಿನ್ನ ಮಗ ಒಳ್ಳೆಯವನೇ, ಆದರೆ ಇದು ನಿನಗೆ ಬರೆದದ್ದು. ಎಡಗಣ್ಣೊಂದಕ್ಕೇ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಒಂದು ಪುಟಕ್ಕೆ ಹನ್ನೊಂದೇ ಸಾಲು ಹಿಡಿಸುತ್ತಿವೆ. ಫೋನ್ ಮಾಡಬಹುದಿತ್ತು. ಆದರೆ ಎಂಟು ವರ್ಷಗಳಿಂದ ಫೋನಿನಲ್ಲಿ ನೀನು “ಹೂಂ, ಆರಾಮ ಅದೇವಿ, ಇಡ್ತೇನಿ” ಎನ್ನುವುದರ ಆಚೆಗೆ ಹೋಗಿಲ್ಲ.

ಕಾಕಾ ಇನ್ನೊಂದು ಮಾತನ್ನೂ ಹೇಳಿದರು. ಆಪರೇಶನ್ ಆದ ಮೇಲೆ ಮೂರು ರಾತ್ರಿ ಯಾರಾದರೂ ಹೆಣ್ಣುಮಕ್ಕಳು ನಿನ್ನ ಹತ್ತಿರ ಇರಬೇಕಂತೆ, ಹೊತ್ತಿಗೆ ಸರಿಯಾಗಿ ಕಣ್ಣಿಗೆ ಔಷಧ ಬಿಡಬೇಕಂತೆ. ನನಗೆ ತಿಳಿಸಲೇ ಎಂದು ಅವರು ಕೇಳಿದ್ದಕ್ಕೆ ನೀನು, “ಅಕ್ಕಗ ಹೇಳಬ್ಯಾಡ್ರಿ ಕಾಕಾ, ಆಕಿ ಸಂಜಿ ಬಸ್ಸಿಗೆ ಹೋಗಾಕಿ” ಎಂದೆಯಂತೆ. ಕಾಕಾ ಅದನ್ನು ನಗುತ್ತ ಹೇಳಿದರು. ನಾನೂ ನಕ್ಕೆ. ಆಮೇಲೆ ಕೊಳ್ಳಬೇಕಾದ ಕಾಯಿಪಲ್ಯೆ ಬಿಟ್ಟು ಹಾಗೇ ಮನೆಗೆ ಬಂದೆ.

ನನ್ನ ಸುದ್ದಿ ಹೇಳುತ್ತೇನೆ, ಹೆದರಬೇಡ. ಆಗಸ್ಟಿನಿಂದ ನಾನು ಮೂಗಿಗೆ ಒಂದು ಮುಖವಾಡ ಕಟ್ಟಿಕೊಂಡು ಮಲಗುತ್ತಿದ್ದೇನೆ. ನಿವೃತ್ತಿಯ ಹಿಂದಿನ ವರ್ಷ ಪರೀಕ್ಷೆಯ ಕೊಠಡಿಯಲ್ಲಿ ಕುರ್ಚಿಯ ಮೇಲೆ ಕುಳಿತಲ್ಲೇ ನಿದ್ದೆ ಹೋಗಿದ್ದೆ. ಹುಡುಗಿಯರು ಎಬ್ಬಿಸಲಿಲ್ಲ, ಅವರಿಗೆ ಅನುಕೂಲವೇ ಆಗಿತ್ತು. ಈ ಜುಲೈಯಲ್ಲಿ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಕಾದ ಹಾಲಿನಿಂದ ಕೈ ಸುಟ್ಟುಕೊಂಡೆ. ಆಗ ಮಗ ಕಲ್ಮೇಶ ನನ್ನ ಮಾತು ಕೇಳದೆ ಬೆಳಗಾವಿಗೆ ಕರೆದುಕೊಂಡು ಹೋದ. ಆಸ್ಪತ್ರೆಯಲ್ಲಿ ತಲೆಗೆ, ಎದೆಗೆ, ಕಾಲಿಗೆ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿದರು. ಬೆಳಿಗ್ಗೆ ಡಾಕ್ಟರು ಕಾಗದ ತೋರಿಸಿದರು: ಗಂಟೆಗೆ ನಲವತ್ತೊಂದು ಸಲ ನನ್ನ ಉಸಿರು ನಿಂತಿತ್ತು. ನಿದ್ದೆ ಹತ್ತಿದೊಡನೆ ಗಂಟಲು ಮುಚ್ಚಿಕೊಳ್ಳುತ್ತದೆ, ಜೀವ ಗಾಬರಿಯಾಗಿ ಅರೆ ಎಚ್ಚರಾಗುತ್ತದೆ, ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಬೆಳಗಾಗುವವರೆಗೂ ಇದೇ. ನಾನು ತಲೆ ತಗ್ಗಿಸಿ ಕುಳಿತದ್ದನ್ನು ನೋಡಿ ಅವರು, “ಯಾಕ್ರಿ ಬಾಯಾರ, ಕಳುವು ಮಾಡಿ ಸಿಕ್ಕವರಗತೆ ಕುಂತೀರಿ? ಇದು ಬ್ಯಾನಿ ಐತ್ರಿ, ತಪ್ಪಲ್ಲ” ಎಂದರು. ನನಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು. ಮೂವತ್ತೈದು ವರ್ಷ ಅದನ್ನು ತಪ್ಪೆಂದೇ ತಿಳಿದು ಬಚ್ಚಿಟ್ಟಿದ್ದೆ.

ಅದಕ್ಕೆಂದು ಅವರು ಕೊಟ್ಟ ಯಂತ್ರ ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಅದರಿಂದ ಒಂದು ಕೊಳವೆ ಹೊರಟು ಮುಖವಾಡಕ್ಕೆ ಸೇರುತ್ತದೆ, ರಾತ್ರಿಯಿಡೀ ಮೂಗಿನೊಳಗೆ ಗಾಳಿ ಒತ್ತುತ್ತದೆ. ಮೊದಲ ವಾರ ಪ್ರತಿ ರಾತ್ರಿ ಕಿತ್ತೆಸೆದೆ. ಓಡುವ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಕುಳಿತಂತೆ ಆಗುತ್ತಿತ್ತು. ಬಾಯಿ ತೆರೆದರೆ ಗಾಳಿಯೆಲ್ಲ ಬಾಯಿಂದ ಹೊರಗೆ. ಪಟ್ಟಿ ಬಿಗಿ ಮಾಡಿದರೆ ಕೆನ್ನೆಯ ಮೇಲೆ ಬರೆ, ಸಡಿಲ ಬಿಟ್ಟರೆ ಗಾಳಿ ಸೋರಿ ಕಣ್ಣಿಗೆ. ಹಣೆಗೆ ಆನುವ ಮೆತ್ತೆಯೊಂದಿದೆ, ಅದು ವಿಭೂತಿಯನ್ನು ಪೂರ್ತಿ ಒರೆಸಿಬಿಡುತ್ತದೆ, ಹಾಗಾಗಿ ರಾತ್ರಿ ಹಚ್ಚಿಕೊಳ್ಳುವುದನ್ನೇ ಬಿಟ್ಟಿದ್ದೇನೆ. ಯಂತ್ರದಲ್ಲಿ ಹಾಕಲು ಬಟ್ಟಿ ಇಳಿಸಿದ ನೀರು ಬೇಕು, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಎರಡನೆಯ ಸಲ ಹೋದಾಗ ಅಂಗಡಿಯ ಬಾಳು, “ಬಾಯಾರ, ಟ್ರ್ಯಾಕ್ಟರ್ ಯಾವಾಗ ತಗೊಂಡ್ರಿ? ಪೇಢೆ ಕೊಡಲೇ ಇಲ್ಲ!” ಎಂದ. ನಾನು ಪೇಢೆ ತರುತ್ತೇನೆ ಎಂದು ಹೇಳಿ ಬಂದೆ. ನಿಜ ಹೇಳುವ ರೂಢಿ ನನಗೆ ಇನ್ನೂ ಆಗಿಲ್ಲ.

ನಮ್ಮ ಮನೆಯವರು ಆ ದಿನಗಳಲ್ಲೇ ಒಂದು ಗುಟ್ಟು ಹೇಳಿದರು. ಮದುವೆಯಾದಾಗಿನಿಂದ ಅವರು ಕಿವಿಯಲ್ಲಿ ಅರಳೆ ಇಟ್ಟುಕೊಂಡೇ ಮಲಗುತ್ತಿದ್ದರಂತೆ. “ನಮ್ಮ ಅರಳಿ ಅಂಗಡ್ಯಾಗ ಮಾರಿದ್ದಕ್ಕಿಂತ ಹೆಚ್ಚು ನನ್ನ ಕಿವ್ಯಾಗ ಹೋಗೇತಿ” ಎಂದರು. ನನಗೆ ನೋವಾದೀತೆಂದು ಇಷ್ಟು ವರ್ಷ ಸುಮ್ಮನಿದ್ದರು. ಈಗ ಅರಳೆ ಇಲ್ಲ, ಆದರೆ ಹೊಸ ತಕರಾರು: “ಸಪ್ಪಳಾನ ಇಲ್ಲ, ನೀ ಅದಿಯೋ ಇಲ್ಲೋ ಅಂತ ಎದ್ದ ಎದ್ದ ನೋಡಬೇಕಾಗೇತಿ.”

ಮೂರನೆಯ ವಾರ ಒಂದು ಬೆಳಗಿನ ಜಾವ ನನಗೆ ಕನಸು ಬಿತ್ತು. ಕನಸು ಬೀಳುವುದು ನಿಂತು ಎಷ್ಟು ವರ್ಷವಾಗಿತ್ತೋ ನೆನಪಿಲ್ಲ. ನಿದ್ದೆ ಆಳಕ್ಕೆ ಇಳಿಯಲು ಬಿಟ್ಟರಲ್ಲವೇ ಕನಸು, ಎಂದರು ಡಾಕ್ಟರು. ಸಂಪಗಾಂವದ ನಮ್ಮ ಮನೆ, ಬೇಸಿಗೆ. ಅವ್ವ ಸಂಜೆ ಮಾಳಿಗೆಯ ಮಣ್ಣಿಗೆ ನೀರು ಚಿಮುಕಿಸಿದ್ದಾಳೆ, ಆ ವಾಸನೆ ಇನ್ನೂ ಇದೆ. ಅವಳ ಹಳೆಯ ಸೀರೆಗಳ ಕೌದಿಯ ಮೇಲೆ ನಾವಿಬ್ಬರೂ ಮಲಗಿದ್ದೇವೆ. ನಾನು ಎದ್ದು ಹೋದರೆ ಗೊತ್ತಾಗಲೆಂದು ನೀನು ನನ್ನ ಹೆರಳನ್ನು ಮುಷ್ಟಿಯಲ್ಲಿ ಹಿಡಿದಿದ್ದೀ. ಅಪ್ಪ ಕೆಳಗಿನಿಂದ, “ಮಕ್ಕೋರಿ ಇನ್ನ, ಏನ್ ಹರಟಿ ನಿಮ್ದು” ಎಂದು ಗದರುತ್ತಾರೆ. ಕನಸಿನಲ್ಲಿ ಬೇರೇನೂ ಆಗಲಿಲ್ಲ. ಎದ್ದಾಗ ಮುಖವಾಡದ ಒಳಗೆ ಒದ್ದೆಯಾಗಿತ್ತು. ಅಂದಿನಿಂದ ವಾರಕ್ಕೆ ಎರಡು ಮೂರು ಸಲವಾದರೂ ಅದೇ ಮನೆ ಬರುತ್ತಿದೆ: ಜೋಳ ತುಂಬಿಡುವ ನೆಲದೊಳಗಿನ ಹಗೇವಿನ ಕಲ್ಲು, ನೀನು ಬಿದ್ದು ಹಲ್ಲು ಮುರಿದುಕೊಂಡ ಮೆಟ್ಟಿಲು, ಅವ್ವ ರೊಟ್ಟಿ ಬಡಿಯುವ ಸಪ್ಪಳ. ನಿದ್ದೆಗೆ ಹೆದರುತ್ತಿದ್ದವಳು ಈಗ ಒಂಬತ್ತೂವರೆಗೇ ಹಾಸಿಗೆ ಹಾಸುತ್ತೇನೆ.

ಹೆದರಿಕೆ ಶುರುವಾದದ್ದು 1971ರಲ್ಲಿ, ಮದುವೆಯಾದ ತಿಂಗಳಲ್ಲೇ. ಅತ್ತೆಯ ಮನೆಯಲ್ಲಿ ನಾದಿನಿಯ ಸೀಮಂತಕ್ಕೆ ಬಂದ ಹೆಣ್ಣುಮಕ್ಕಳೆಲ್ಲ ಪಡಸಾಲೆಯಲ್ಲಿ ಸಾಲಾಗಿ ಮಲಗಿದ್ದೆವು. ಬೆಳಿಗ್ಗೆ ಚಹಾ ಹೊತ್ತಿಗೆ ನಮ್ಮತ್ತೆ ಎಲ್ಲರ ಎದುರು, “ರಾತ್ರಿ ನಮ್ಮ ಮನ್ಯಾಗ ಹಿಟ್ಟಿನ ಗಿರಣಿ ಚಾಲೂ ಆಗಿತ್ತಲ್ಲ, ಯಾರ್ಯಾರ ಜ್ವಾಳ ಬೀಸಿಸಿಕೊಂಡ್ರಿ?” ಎಂದು ಕೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಂಡಸರ ಗೊರಕೆಗೆ ಯಾರೂ ಹಾಗೆ ನಗುವುದಿಲ್ಲ. ಆಮೇಲೆ ಯಾರ ಮನೆಯಲ್ಲೂ ನಾನು ನಿದ್ದೆ ಮಾಡಲಿಲ್ಲ. ಮದುವೆಮನೆಗಳಲ್ಲಿ ಅಡಿಗೆಯವರ ಜೊತೆ ಕುಳಿತು ಬೆಳತನಕ ಬಳ್ಳುಳ್ಳಿ ಸುಲಿಯುತ್ತಿದ್ದೆ. ಎಂಥ ಕಷ್ಟಜೀವಿ ಎಂದು ಹೊಗಳುತ್ತಿದ್ದರು, ನೀನೂ ಹೊಗಳಿದ್ದೀ. ನಿನ್ನ ಮನೆಗೆ ಬಂದಾಗಲೆಲ್ಲ ನೀನು ಹೊಸ ಚಾದರ ತೆಗೆದಿಟ್ಟು “ಒಂದ ರಾತ್ರಿ ಇರ ಅಕ್ಕಾ” ಎನ್ನುತ್ತಿದ್ದೆ. ನಾನು ಆರೂಕಾಲರ ಬಸ್ಸು ಹಿಡಿದು, ಯರಗಟ್ಟಿಯಲ್ಲಿ ಇನ್ನೊಂದು ಬಸ್ಸು ಹತ್ತಿ, ಹತ್ತು ಗಂಟೆಗೆ ಮನೆ ಮುಟ್ಟುತ್ತಿದ್ದೆ. ಮೂರು ಖಣದ ಮನೆ ಅಕ್ಕನಿಗೆ ಸಣ್ಣದಾಗುತ್ತದೆ ಎಂದು ನೀನು ತಿಳಿದೆ. ಹಾಗೆ ತಿಳಿಯುವುದು ನನಗೆ ಗೊರಕೆಗಿಂತ ಹಗುರವೆನಿಸಿತ್ತು, ಅದಕ್ಕೇ ತಿದ್ದಲಿಲ್ಲ.

ಇನ್ನು 1998ರ ಫೆಬ್ರುವರಿ. ನಿಜಗುಣಪ್ಪನವರನ್ನು ಮಣ್ಣು ಮಾಡಿ ಬಂದ ಸಂಜೆ. ನಿನ್ನ ಸುತ್ತ ಮಲಗಲು ಹೆಣ್ಣುಮಕ್ಕಳು ಚಾಪೆ ಹಾಸುತ್ತಿದ್ದರು, ನಿನ್ನ ಪಕ್ಕದ ಜಾಗವನ್ನು ನನಗೆಂದು ಬಿಟ್ಟಿದ್ದರು. ನನಗೆ ಕಂಡದ್ದು ಒಂದೇ: ತಂಗಿಯ ಗಂಡ ಸತ್ತ ರಾತ್ರಿ, ಅವಳ ಮಗ್ಗುಲಲ್ಲೇ, ಅಕ್ಕ ಹೊಟ್ಟೆ ತುಂಬ ಉಂಡವಳ ಹಾಗೆ ಗೊರಕೆ ಹೊಡೆಯುವುದು. ಎಚ್ಚರವಿರುವ ಶಕ್ತಿ ಆಗಲೇ ಕುಂದಿತ್ತು. ಎಮ್ಮೆ ಈಯುವ ಹಾಗಿದೆ, ಹೋಗಲೇಬೇಕು ಎಂದೆ. ಎಮ್ಮೆ ಮಾರಿ ವರ್ಷವಾಗಿತ್ತು, ಅದು ನಿನಗೂ ಗೊತ್ತಿತ್ತು. ನೀನು ನನ್ನ ಮುಖ ನೋಡಿ, “ಹೋಗ ಅಕ್ಕಾ, ಎಮ್ಮಿ ಕಾಯ್ತಿರತೈತಿ” ಎಂದೆ.

ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಜನ ಬೇರೆಯವರ ಮನೆಗೆ ಹೋದರೆ ತಿಂಗಳುಗಟ್ಟಲೆ ಉಳಿಯುತ್ತಾರೆ, ಅಲ್ಲೇ ಕಾಯಿಲೆ ಬೀಳುತ್ತಾರೆ, ಅಲ್ಲೇ ಜಗಳಾಡುತ್ತಾರೆ. ಬೇರೆ ಏನನ್ನು ಓದಿದಾಗಲೂ ನನಗೆ ಅಷ್ಟು ಹೊಟ್ಟೆಕಿಚ್ಚಾಗಿಲ್ಲ. ಡಾಕ್ಟರು ಹೇಳಿದ ಹಾಗೆ ಗೊರಕೆ ಬೇನೆಯೇ ಇರಬಹುದು. ಆದರೆ ಆ ರಾತ್ರಿ ನಾನು ಗೊರಕೆ ಹೊಡೆದುಕೊಂಡೇ ನಿನ್ನ ಪಕ್ಕದಲ್ಲಿ ಬಿದ್ದಿರಬೇಕಿತ್ತು. ಎದ್ದು ಹೋದದ್ದು ಬೇನೆಯ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ನಾನೇ ಮಾಡಿದೆ.

ಇಷ್ಟು ಬರೆಯುವಷ್ಟರಲ್ಲಿ ಕಾಗದ ತೀರಿತು. ಶ್ರೀಶೈಲನಿಗೆ ದೊಡ್ಡವ್ವನ ಆಶೀರ್ವಾದ ತಿಳಿಸು, ಇಷ್ಟನ್ನು ಅವನಿಗೆ ಹೇಳಬಹುದು. ನಿನ್ನ ಕಣ್ಣು ತಿಳಿಯಾಗಲಿ. ಕೆರೆದರೆ ತಿಕ್ಕಬೇಡ.

ನಿನ್ನ ಅಕ್ಕ,
ಅನ್ನಪೂರ್ಣಾ

ತಾ.ಕ.: ಹೇಳಬೇಕಾದದ್ದೇ ಉಳಿಯಿತು, ಅಂಚಿನಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತೇಳಕ್ಕೆ ನಾನು ಬರುತ್ತೇನೆ, ಮೂರು ರಾತ್ರಿಯೂ ಇರುತ್ತೇನೆ ಎಂದು ನಿಶ್ಚಯಿಸಿದ್ದೇನೆ. ಇಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ನೀನು ಬೇಡವೆಂದು ಬರೆದರೂ ಬರುವವಳೇ, ಆದರೆ ಉತ್ತರ ಬರೆ, ಯಾಕೆಂದರೆ ಯಂತ್ರಕ್ಕೆ ಮೂರು ಪಿನ್ನಿನ ಪ್ಲಗ್ಗು ಬೇಕು. ನೀನು ಮಲಗುವಲ್ಲಿ ಗೋಡೆಗೆ ಅದು ಇದೆಯೇ? ವೈರು ನಾಲ್ಕೂವರೆ ಫೂಟು, ಕೊಳವೆ ಆರು ಫೂಟು. ಅಷ್ಟರೊಳಗೆ ಇಬ್ಬರ ಹಾಸಿಗೆ ಹಿಡಿಸುತ್ತವೆಯೇ, ಶ್ರೀಶೈಲನಿಂದ ಅಳೆಸಿ ಬರೆ.