ಒಣಗದ ಕಾಳಿನ ಡಬ್ಬಿ

ಜುಲೈ ೨೨, ಮಂಗಳವಾರ

ಕಾಳಿನ ಡಬ್ಬಿ ಇವತ್ತೂ ಒಣಗಲಿಲ್ಲ. ಈ ಮಳೆಯಲ್ಲಿ ಯಾವುದು ತಾನೇ ಒಣಗುತ್ತದೆ? ಹಿತ್ತಲಲ್ಲಿ ಹಕ್ಕಿಗಳಿಗೆಂದು ತೂಗುಹಾಕಿದ್ದ ಡಬ್ಬಿಯ ತಳದಲ್ಲಿ ಕಾಳು ನೆನೆದು, ಮುದ್ದೆಯಾಗಿ, ಬೂಷ್ಟು ಹಿಡಿದಿತ್ತು. ಮೊನ್ನೆ ಅದರ ಕೆಳಗೆ ಒಂದು ಗುಬ್ಬಿ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ ಕೂತೇ ಇತ್ತು. ನಾನು ಹತ್ತಿರ ಹೋದರೂ ಹಾರಲಿಲ್ಲ. ಆಗಲೇ ಡಬ್ಬಿ ಇಳಿಸಿ, ಬಿಸಿನೀರಲ್ಲಿ ತಿಕ್ಕಿ ತೊಳೆದೆ. ಪೂರ್ತಿ ಒಣಗುವ ಮೊದಲು ಕಾಳು ತುಂಬಿದರೆ ಮತ್ತೆ ಅದೇ ಕಥೆ.

ಇದನ್ನು ಅತ್ತೆಗೆ ಹೇಳಿ ಹೇಳಿ ಸಾಕಾಗಿದೆ. ಸೊಂಟ ಮುರಿದ ಮೇಲೆ ಅವರಿಗೆ ಮಂಚದ ಪಕ್ಕದ, ಹಿತ್ತಲ ಕಡೆಯ ಕಿಟಕಿಯೇ ಪ್ರಪಂಚ.

"ಪಾಪ, ಹಸ್ಕೊಂಡು ಬಂದು ಹಾಗೇ ವಾಪಸ್ ಹೋಗ್ತಿವೆ," ಎಂದು ಇವತ್ತೂ ಶುರು ಮಾಡಿದರು. "ನಿಂಗೇನು, ಬೆಳಗ್ಗೆ ಹೋದ್ರೆ ಸಂಜೆ ಬರ್ತೀಯ. ಖಾಲಿ ಕೊಕ್ಕೆ ನೋಡ್ತಾ ಕೂರೋಳು ನಾನು."

ದಿನವಿಡೀ ಬಟ್ಟೆ ಅಂಗಡಿಯಲ್ಲಿ ನಿಂತು, ದಾರಿಯಲ್ಲಿ ತೊಯ್ದು ಬಂದಿದ್ದೆ. ಅವರ ಮಂಚದ ತುದಿಯಲ್ಲೇ ಕೂತು, ಹೇರ್ ಡ್ರೈಯರ್ ಹಾಕಿ, ಡಬ್ಬಿಯ ಒಂದೊಂದು ತೂತಿಗೂ ಗಾಳಿ ಹಿಡಿದೆ. ಎಷ್ಟು ಹಿಡಿದರೂ ಒಳಗೆ ಪಸೆ. ನನ್ನ ಜಡೆಯ ನೀರೇ ಅದರೊಳಗೆ ತೊಟ್ಟಿಕ್ಕುತ್ತಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಡ್ರೈಯರ್ ಕಿತ್ತುಕೊಂಡು, ಡಬ್ಬಿ ಪಕ್ಕಕ್ಕಿಟ್ಟು, ನನ್ನ ಜಡೆ ಬಿಚ್ಚಿದರು.

"ಮೊದ್ಲು ಇದು ಒಣಗ್ಲಿ. ಇಲ್ದಿದ್ರೆ ನಿಂಗೂ ಬೂಷ್ಟು ಹಿಡಿಯತ್ತೆ."

ಹಕ್ಕಿಗಳ ಮಾತು ಮತ್ತೆ ಎತ್ತಲಿಲ್ಲ. ಎಷ್ಟೋ ಹೊತ್ತಿನ ಮೇಲೆ, "ಆಯ್ತು, ಏಳು," ಅಂದರು.

ನಾನು ಕಣ್ಣು ಮುಚ್ಚಿ ಕೂತೇ ಇದ್ದೆ.