ರಾದೋಯೆ ತಂದ ಕೇಕು

ಮಿಲೆಂಕೊ,

ವಕೀಲರ ಹತ್ತಿರ ಹೊರಟೆ. ಊರುಗೋಲು ಹಿಡಿದು, ಬಸ್ಸಿನಲ್ಲಿ. ನೀನು ಮಲಗಿರು, ನನ್ನ ರಾಜ.

ನಮ್ಮ ಕಾರಿಗೆ ಹಿಂದಿನಿಂದ ಗುದ್ದಿದ ರಾದೋಯೆಯ ವಿಮಾ ಕಂಪನಿಯವನು ಹತ್ತಕ್ಕೆ ಬರುತ್ತಾನೆ. ಅವನೆದುರು ಬಾಯಿ ಬಿಡಬೇಡ.

ಮನೆದೇವರಾದ ಸಂತನ ಹಬ್ಬಕ್ಕೆ ಬಂದವರನ್ನು ಬಾಗಿಲಿಂದ ಕಳಿಸಬಾರದು, ಒಪ್ಪಿದೆ. ರಾದೋಯೆ ಕರೆಯದೆ ಕೇಕು ಹಿಡಿದು ಬಂದ, ನೀನು ಕೂರಿಸಿದೆ, ಕುಡಿಸಿದೆ. ಆದರೆ ಅವನ ಕೆನ್ನೆಗೆ ಮೂರು ಮುತ್ತು ಕೊಟ್ಟು "ಬಿಡಣ್ಣ, ನಂದೂ ತಪ್ಪಿತ್ತು" ಅಂದೆಯಲ್ಲ, ಅದನ್ನು ಯಾವ ಸಂತ ಹೇಳಿಕೊಟ್ಟ? ಕೆಂಪು ದೀಪಕ್ಕೆ ಕಾರು ನಿಲ್ಲಿಸಿಕೊಂಡು ಕೂತಿದ್ದವನದ್ದು ಏನು ತಪ್ಪು, ಹುಟ್ಟಿದ್ದಾ? ಅವನ ಹೆಂಡತಿ ಮೊಬೈಲಿನಲ್ಲಿ ಎಲ್ಲ ಹಿಡಿದಿದ್ದಾಳೆ. ಈಗ ಆ ವಿಡಿಯೊ ತೋರಿಸಿ ಕಂಪನಿಯವರು ಪರಿಹಾರ ಕೊಡುವುದಿಲ್ಲ ಅನ್ನುತ್ತಿದ್ದಾರೆ.

ಬಂದವನು ಕೇಳಿದರೆ "ಹಬ್ಬದ ದಿನ ಹಾಗೆ ಅಂದಾಗ ಕುಡಿದಿದ್ದೆ" ಅನ್ನು. ನಿನ್ನ ಬಾಯಿಂದ ಅದೊಂದನ್ನು ಯಾರಾದರೂ ನಂಬುತ್ತಾರೆ.

ಅವನಿಗೂ ರಾಕಿಯಾ ಬ್ರಾಂದಿ ಸುರಿದು ಅಣ್ಣ ತಮ್ಮ ಆಗಬೇಡ. ಉಳಿದ ಕೇಕು ಫ್ರಿಜ್ಜಿನಲ್ಲಿದೆ, ನೀನೇ ತಿನ್ನು. ಒಂದು ಕಾರಿನ ಬೆಲೆಯದ್ದು, ಚೂರೂ ಬಿಡಬೇಡ.

ನನ್ನ ಕಾಲು ಮುರಿದವನಿಗೆ ನೀನು ಮೂರು ಮುತ್ತು ಕೊಟ್ಟೆ. ಆಸ್ಪತ್ರೆಯಲ್ಲಿ ನನಗೆ ಒಂದೂ ಕೊಡಲಿಲ್ಲ.

ಗೊರ್ದಾನಾ