ಮೇಜಿನ ಕೆಳಗೆ ಸಿಕ್ಕ ಕೊಡೆ

ಜೂನ್ 19, ಬುಧವಾರ
ಮಧ್ಯಾಹ್ನ, ಬೈಂಡಿಂಗ್ ಅಂಗಡಿಯಲ್ಲಿ ಕೂತು

ಪ್ರೀತಿಯ ಚೂಟಿ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಹೋದ ಭಾನುವಾರ ನೀನು ಬಂದವಳು ಚಪ್ಪಲಿ ಬಿಡುವ ಮೊದಲೇ, "ಉತ್ತರ ಎಲ್ಲಿ ಅಕ್ಕ?" ಅಂದೆ. "ಬರೆದು ಹಾಕ್ತೀನಿ ಕಣೇ, ಈಗ ಪುರುಸೊತ್ತಿಲ್ಲ" ಅಂತ ನಾನು ತಪ್ಪಿಸಿಕೊಂಡೆ. ಇಡೀ ದಿನ ಇಬ್ಬರೇ ಎದುರುಬದುರು ಕೂತಿದ್ದೆವು, ಪುರುಸೊತ್ತಿಗೇನು ಬರ? ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿಲ್ಲ.

ಮೊದಲು ಒಳ್ಳೆಯ ಸುದ್ದಿ. ಭುಜ ಗಟ್ಟಿಯಾಗುತ್ತಿದೆ. ಇವತ್ತು ಬೆಳಿಗ್ಗೆ ನನ್ನ ಜಡೆ ನಾನೇ ಹೆಣೆದುಕೊಂಡೆ. ಸೊಟ್ಟಗಿದೆ ಅಂದ ಪಕ್ಕದ ಕನ್ನಡಕದಂಗಡಿಯವನು. ನಿನ್ನ ಕನ್ನಡಕ ನೀನೇ ಒಂದು ಸಲ ಹಾಕ್ಕೊಂಡು ನೋಡು ಅಂದೆ.

ಆದರೆ ಇದೆಲ್ಲ ಕಳೆದ ಏಳು ವಾರಗಳ ಮಾತು. ಅದಕ್ಕೆ ಹಿಂದಿನದನ್ನು ಹೇಳಲು ಪೆನ್ನು ಮುಂದೆ ಹೋಗುತ್ತಿಲ್ಲ.

ಮೇಲಿನ ಹಲಗೆಯಿಂದ ರಿಜಿಸ್ಟರುಗಳ ಕಟ್ಟು ಎಳೆಯುವಾಗ ನನ್ನ ಬಲ ಭುಜ ಕೀಲು ತಪ್ಪಿದಾಗ, ನೀನು ಎಲ್ಲ ಬಿಟ್ಟು ಓಡಿ ಬಂದೆ. ಫಿಸಿಯೋ ಮೇಡಂ ಕೊಟ್ಟ ಹಾಳೆಗಳು ನೆನಪಿವೆಯಲ್ಲ? ಬಾಗಿಲ ಹಿಡಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈಗೂ ಪಕ್ಕೆಗೂ ನಡುವೆ ಮಡಿಸಿದ ಟವೆಲ್ ಸಿಕ್ಕಿಸಿ, ಅದು ಬೀಳದ ಹಾಗೆ ಮುಂಗೈಯನ್ನು ಹೊರಕ್ಕೆ ಎಳೆಯಬೇಕು, ಹದಿನೈದು ಸಲ. ಗೋಡೆಗೆ ಕೈಯೂರಿ ತಳ್ಳಬೇಕು, ಹತ್ತು ಸಲ. ದಿನಕ್ಕೆ ಮೂರು ಹೊತ್ತು, ಹೊತ್ತಿಗೊಂದು ಟಿಕ್ಕು. ಬಿಡಿ ಹಾಳೆ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ನಿನ್ನ ಕೈಯಲ್ಲೇ ಹೊಲಿಸಿ, ನೀಲಿ ಬಟ್ಟೆಯ ಬೆನ್ನು ಹಾಕಿಸಿ ಪುಸ್ತಕ ಮಾಡಿದೆ. ಮೇಡಂ ಅದನ್ನು ಎಲ್ಲ ರೋಗಿಗಳಿಗೂ ತೋರಿಸಿ, "ಶ್ರದ್ಧೆ ಅಂದ್ರೆ ಇದು ನೋಡಿ" ಅಂದರು.

ಬೈಂಡು ಚೆನ್ನಾಗಿತ್ತು. ಒಳಗಿದ್ದದ್ದೆಲ್ಲ ಸುಳ್ಳು.

ಹೌದು ಚೂಟಿ, ನಾನು ವ್ಯಾಯಾಮ ಮಾಡುತ್ತಲೇ ಇರಲಿಲ್ಲ. ಒಳಕೋಣೆಯ ಬಾಗಿಲು ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು, ಎಡಗೈಯಿಂದ ಪಟ್ಟಿಯನ್ನು ಎಳೆದೆಳೆದು ಬಿಡುತ್ತಿದ್ದೆ. ಚಟ್, ಚಟ್. ಆಚೆಯಿಂದ ನೀನು ಎಣಿಸುತ್ತಿದ್ದೆ: "ಹದಿಮೂರು, ಹದಿನಾಲ್ಕು, ಇನ್ನೊಂದೇ ಒಂದು ಅಕ್ಕ, ಬಿಡ್ಬೇಡ!" ಅದನ್ನು ನೆನೆದರೆ ಈಗಲೂ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸುತ್ತದೆ.

ಯಾಕೆ ಅಂತ ಕೇಳುತ್ತೀಯ. ನೀನು ಅಪ್ಪನ ಅಂಗಡಿ ಬಿಟ್ಟು ಹೊರಗೆ ಕೆಲಸಕ್ಕೆ ಹೋದೆ ಅಂತ ಒಂಬತ್ತು ವರ್ಷ ನಿನ್ನ ಜೊತೆ ಮಾತು ಬಿಟ್ಟವಳು ನಾನು. ಆಮೇಲೆ ನೀನು ಬಂದು, ಒಂದು ಮಾತೂ ಎತ್ತಿ ಆಡದೆ, ದಿನಾ ಬೆಳಿಗ್ಗೆ ನನ್ನ ಹಿಂದೆ ಕೂತು ಜಡೆ ಹಾಕಿದೆ. ಕೈ ವಾಸಿಯಾದರೆ ಅದು ನಿಲ್ಲುತ್ತದಲ್ಲ ಅನ್ನಿಸಿತು. ಅಷ್ಟೇ ಕಾರಣ. ಬರೆದ ಮೇಲೆ ಎಷ್ಟು ಸಣ್ಣದಾಗಿ ಕಾಣುತ್ತದೆ ನೋಡು.

ಆರು ವಾರವಾದ ಮೇಲೆ ನೀನು ಹೊರಟು ನಿಂತೆ. ದೊಡ್ಡ ಗ್ರಂಥಾಲಯದ ಬೈಂಡಿಂಗ್ ವಿಭಾಗಕ್ಕೇ ಮುಖ್ಯಸ್ಥೆಯಾಗಿ ಸೋಮವಾರ ಸೇರಬೇಕಿತ್ತು. ಶನಿವಾರ ಬೆಳಿಗ್ಗೆ, ಮೇಲಿನ ಹಲಗೆಯಿಂದ ನಿನ್ನ ಕೊಡೆ ತೆಗೆದುಕೊಡಲು ಹೋಗಿ ನಾನು ಬಲಗೈಯನ್ನು ಮೇಲೆತ್ತಿ ಹಿಂದಕ್ಕೆ ಚಾಚಿದೆ. ಮೇಡಂ ಮಾಡಲೇಬೇಡಿ ಅಂದಿದ್ದೇ ಅದನ್ನು. ಭುಜ ಮತ್ತೆ ಜಾರಿತು. ನೀನು ಉಳಿದೆ, ಗ್ರಂಥಾಲಯದವರು ಕಾಯಲಿಲ್ಲ. ಕೊಡೆ ಸಂಜೆ ಮೇಜಿನ ಕೆಳಗೆ ಸಿಕ್ಕಿತು. "ಈ ಹಾಳು ಕೊಡೆಯಿಂದ ನಿನಗೆ ಹೀಗಾಯ್ತಲ್ಲ ಅಕ್ಕ" ಅಂತ ನೀನೇ ಅತ್ತೆ. ನನಗೆ ಹತ್ತಿರವಿರಲಿ ಅಂತ ನೀನು ಯಾವುದೋ ಕಾಗದದಂಗಡಿಯ ಕೌಂಟರಿನಲ್ಲಿ ಕೆಲಸಕ್ಕೆ ನಿಂತೆ. ಅವತ್ತಿನಿಂದ ಕೊಡೆ ಮುಟ್ಟಿಲ್ಲ ನೀನು. ಮೊನ್ನೆ ಭಾನುವಾರವೂ ತೊಯ್ದು ತೊಪ್ಪೆಯಾಗಿ ಬಂದೆ.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಏಳು ವಾರದ ಹಿಂದೆ ಮೇಡಂ ಪುಸ್ತಕ ತಿರುವಿ ಹಾಕುತ್ತಾ ಕೇಳಿದರು, "ಅಮ್ಮಾ, ಇವತ್ತು ಯಾವ ವಾರ?"

"ಮಂಗಳವಾರ."

"ಮತ್ತೆ ಗುರುವಾರದ ತನಕ ಟಿಕ್ ಆಗಿದೆಯಲ್ಲ?"

ವಾರದ್ದನ್ನೆಲ್ಲ ಒಂದೇ ಸಲ ಕೂತು ಹಾಕುವವಳು, ಕೈ ತಪ್ಪಿ ಎರಡು ದಿನ ಮುಂದೆ ಹೋಗಿದ್ದೆ. ಮೇಡಂ ತೋರಿಸಿದ್ದ ನನ್ನ ಪುಸ್ತಕ ನೋಡಿದ್ದ ರೋಗಿಗಳೆಲ್ಲ ಸುತ್ತ ಕೂತಿದ್ದರು. ಮೇಡಂ ಬೈಯಲಿಲ್ಲ. "ನನಗೇನೂ ಆಗಲ್ಲಮ್ಮ, ಭುಜ ನಿಮ್ಮದು" ಅಂದು ಹೊಸ ಹಾಳೆ ಕೊಟ್ಟರು. ಅದನ್ನು ಬೈಂಡ್ ಮಾಡಿಲ್ಲ. ಹಾಗೇ ಬಿಡಿಯಾಗಿ ಮೊಳೆಗೆ ಸಿಕ್ಕಿಸಿದ್ದೇನೆ. ಮಾಡಿದ ದಿನ ಟಿಕ್ಕು, ಮಾಡದ ದಿನ ಖಾಲಿ. ಖಾಲಿ ನಾಲ್ಕೇ ಇವೆ.

ಈಗ ನಿನ್ನ ಪ್ರಶ್ನೆ. ಆ ಜಾಗಕ್ಕೆ ಬಂದವರು ಬಿಟ್ಟು ಹೋದರು, ಗ್ರಂಥಾಲಯದವರು ಮತ್ತೆ ಕರೆದಿದ್ದಾರೆ, ಈ ತಿಂಗಳ ಕೊನೆಯೊಳಗೆ ಹೇಳಬೇಕು ಅಂತ ಬರೆದಿದ್ದೀಯ. "ನಿನ್ನ ಭುಜ ನೋಡ್ಕೊಂಡು ನೀನೇ ಹೇಳು, ಹೋಗ್ಲೋ ಬೇಡ್ವೋ" ಅಂತಲೂ ಕೇಳಿದ್ದೀಯ. ಹೋಗು. ಇವತ್ತೇ ಅವರಿಗೆ ಹೇಳು. ನನ್ನ ಭುಜದ ಮಾತನ್ನು ಇನ್ನು ಕೇಳಬೇಡ, ಅದು ಇಲ್ಲಿಯವರೆಗೆ ನಿನಗೆ ಸತ್ಯ ಹೇಳಿದ್ದೇ ಕಡಿಮೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಿಯವರಿಗೆ ಅಪ್ಪನ ಹೊಲಿಗೆ ಕಲಿಸು. ನಿನ್ನ ಕೈಗೆ ಯಾವತ್ತೂ ನೋವು ಬರದಿರಲಿ.

ಇಂತು ನಿನ್ನ
ಅಕ್ಕ

ಮ.ವಿ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಇದೊಂದನ್ನು ಹೇಳದೆ ಬಿಟ್ಟರೆ ಮೇಲೆ ಬರೆದದ್ದೂ ಸುಳ್ಳು ಟಿಕ್ಕೇ ಆಗುತ್ತದೆ. ಆ ಶನಿವಾರ ಕೊಡೆ ಮೇಲಿನ ಹಲಗೆಯಲ್ಲಿ ಇರಲಿಲ್ಲ. ಹಿಂದಿನ ದಿನವೇ ನಿನ್ನ ಚೀಲದೊಳಗೆ ನಾನೇ ಇಟ್ಟಿದ್ದೆ. ಖಾಲಿ ಹಲಗೆಗೆ ಕೈ ಚಾಚಿದೆ ಚೂಟಿ, ಹೇಗೆ ಚಾಚಿದರೆ ಜಾರುತ್ತದೆ ಅಂತ ಮೇಡಂ ಹೇಳಿಕೊಟ್ಟಿದ್ದರು. ನೀನು ಗಾಡಿ ಕರೆಯಲು ಓಡಿದಾಗ, ಎಡಗೈಯಿಂದ ಕೊಡೆಯನ್ನು ಚೀಲದಿಂದ ತೆಗೆದು ಮೇಜಿನ ಕೆಳಗೆ ತಳ್ಳಿದೆ. ನೀನು ಅತ್ತಾಗಲೂ ಸುಮ್ಮನಿದ್ದೆ. ಈ ಕಾಗದದ ಜೊತೆಗೆ ಆ ಕೊಡೆಯನ್ನೂ ಕಳಿಸುತ್ತಿದ್ದೇನೆ. ನನ್ನ ಮೇಲಿನ ಸಿಟ್ಟಿಗೆ ಅದನ್ನು ಎಸೆಯಬೇಡ, ಬಿಡಿಸಿ ಹಿಡಿದುಕೋ. ಅದರದ್ದೇನೂ ತಪ್ಪಿಲ್ಲ.